ದಫ್ತರಿನ ಒಂದು ಸಾಲು

ಮೊನ್ನೆ ಸಂಘದ ವಾಚನಾಲಯದಲ್ಲಿ ಕುಳಿತು ಪತ್ರಿಕೆಗಳನ್ನು ತಿರುವಿ ಹಾಕುತ್ತಿದ್ದಾಗ ನಮ್ಮವರೇ ಆದ ತರುಣ ದಂಪತಿಗಳು ಬಂದು ಎದುರಿಗೆ ಕುಳಿತರು. ಇಬ್ಬರೂ ಮುಂಬಯಿಯಲ್ಲೇ ಹುಟ್ಟಿ ಬೆಳೆದವರು. ಆದರೂ ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡವರು. ಮಗು ಒಂದನೆಯ ಇಯತ್ತೆಗೆ ಹೋಗುತ್ತಿದೆ. ಆಕೆ ಫೋನನ್ನು ನನ್ನ ಮುಂದೆ ಹಿಡಿದಳು.

"ಅಂಕಲ್, ನೀವು ತುಂಬ ವರ್ಷ ವಕೀಲರ ಆಫೀಸಿನಲ್ಲಿ ಇದ್ದವರಂತೆ. ಇದು ನೋಡಿ. ನಮ್ಮ ಮಗುವಿನ ಸ್ಕೂಲ್ ವ್ಯಾನ್ ಡ್ರೈವರ್ ಹೆಸರು ಹಾಕಿದರೆ ಕೋರ್ಟಿನ ಸೈಟಿನಲ್ಲಿ ಮೂರು ಕೇಸು ಬರುತ್ತದೆ. ಮೂರೂ ಗಾಡಿ ಕೇಸುಗಳೇ. ಇದನ್ನು ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿಬಿಡಲೇ?"

"ಒಂದು ವಾರ ತಡೆಯಮ್ಮ" ಎಂದೆ.

ಆಕೆಗೆ ಸ್ವಲ್ಪ ಬೇಸರವಾಯಿತೆಂದು ಕಾಣುತ್ತದೆ. ಮಕ್ಕಳ ಪ್ರಾಣದ ವಿಷಯದಲ್ಲಿ ತಡೆಯೆನ್ನುವ ಮುದುಕ ಎಂಥವನು ಎಂದು ಅವಳಿಗೆ ಅನ್ನಿಸಿದ್ದರೆ ತಪ್ಪಲ್ಲ. ನಾನು ಹಾಗೇಕೆ ಹೇಳಿದೆನೆಂಬುದನ್ನು ಅಂದು ಪೂರ್ತಿಯಾಗಿ ವಿವರಿಸಲಾಗಲಿಲ್ಲ. ಅದಕ್ಕಾಗಿ ಈ ಬರಹ.

ನಾನು ಈ ಊರಿಗೆ ಬಂದದ್ದು 1971ರಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ನೂರಾರು ಹುಡುಗರಲ್ಲಿ ನಾನೂ ಒಬ್ಬ. ಟೈಪಿಂಗ್ ಕಲಿತದ್ದರಿಂದ ಕೋಟೆ ಭಾಗದ ಒಬ್ಬ ವಕೀಲರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಟೈಪು ಮಾಡುವುದಕ್ಕಿಂತ ಹೆಚ್ಚಾಗಿ ನಾನು ಮಾಡಿದ್ದು ನ್ಯಾಯಾಲಯದ ನಕಲು ವಿಭಾಗಕ್ಕೂ ದಫ್ತರಖಾನೆಗೂ ಅಲೆಯುವ ಕೆಲಸ. ಹಾಗಾಗಿ ಸಂಘದವರಿಗೆ ಕೋರ್ಟಿನ ಕಾಗದ ಏನೇ ಬೇಕಾದರೂ "ಅವರನ್ನು ಕೇಳಿ" ಎಂಬ ಮಾತು ರೂಢಿಯಾಯಿತು.

ಆಗ ಒಂದು ಮೋಟಾರು ಪ್ರಕರಣದ ಕಾಗದ ಹುಡುಕುವುದೆಂದರೆ ಹೀಗಿತ್ತು. ಮೊದಲು ಅಪಘಾತ ನಡೆದ ಜಾಗ ಯಾವ ಪೊಲೀಸು ಠಾಣೆಗೆ ಸೇರುತ್ತದೆಂದು ತಿಳಿಯಬೇಕು. ಠಾಣೆಯಲ್ಲಿ ಎಫ್.ಐ.ಆರ್. ಸಂಖ್ಯೆ ಪಡೆಯಬೇಕು. ಆ ಠಾಣೆಯ ಪ್ರಕರಣಗಳು ಯಾವ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತವೆಂದು ನೋಡಿ, ಅಲ್ಲಿಯ ರಿಜಿಸ್ಟರಿನಲ್ಲಿ ಪ್ರಕರಣದ ಸಂಖ್ಯೆ ಹುಡುಕಬೇಕು. ಅನಂತರ ಕೋರ್ಟ್ ಫೀ ಸ್ಟಾಂಪು ಅಂಟಿಸಿ ಪ್ರಮಾಣಿತ ನಕಲಿಗೆ ಅರ್ಜಿ ಕೊಡಬೇಕು. ಪ್ರಕರಣಕ್ಕೆ ಸಂಬಂಧಪಟ್ಟವನಾದರೆ ಹೆಚ್ಚು ಪ್ರಶ್ನೆಯಿಲ್ಲ. ಹೊರಗಿನವನಾದರೆ, ನಿನಗೇಕೆ ಬೇಕು ಎಂಬುದಕ್ಕೆ ಕಾರಣ ಬರೆದು ಅನುಮತಿ ಪಡೆಯಬೇಕು. ಈ 'ಏತಕ್ಕೆ' ಎಂಬ ಒಂದು ಪ್ರಶ್ನೆ ನಮಗೆಲ್ಲ ಬರಿಯ ತೊಂದರೆಯೆಂದು ಕಾಣುತ್ತಿತ್ತು. ಅದರ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ.

1988ರಲ್ಲಿ ನಮ್ಮ ಪರಿಚಯದ ಒಬ್ಬ ಹಿರಿಯರು ಬಂದರು. ಕರಾವಳಿಯವರು, ಮಗಳಿಗೆ ಗಂಡು ನೋಡುತ್ತಿದ್ದರು. ಹುಡುಗ ಖಾಸಗಿ ಕಂಪೆನಿಯೊಂದರಲ್ಲಿ ನೌಕರಿಯಲ್ಲಿದ್ದ, ಮನೆತನ ಒಳ್ಳೆಯದು, ಜಾತಕವೂ ಕೂಡಿತ್ತು. ಆದರೆ ಯಾರೋ ಕಿವಿಯಲ್ಲಿ ಊದಿದ್ದರು: ಅವನ ಸ್ಕೂಟರಿಗೆ ಸಿಕ್ಕಿ ಯಾರೋ ಸತ್ತಿದ್ದಾರಂತೆ, ಕೇಸು ನಡೆದಿದೆಯಂತೆ.

"ಮಾರಾಯ್ರೆ, ನಿಮಗೆ ಕೋರ್ಟಿನಲ್ಲಿ ಎಲ್ಲ ಗೊತ್ತುಂಟಲ್ಲ. ಹೌದೋ ಅಲ್ಲವೋ, ಅಷ್ಟೇ ನೋಡಿ ಹೇಳಿ" ಎಂದರು.

ಹೆಣ್ಣು ಹೆತ್ತವರ ಆತಂಕ ಯಾರಿಗೆ ಅರ್ಥವಾಗುವುದಿಲ್ಲ? ಒಪ್ಪಿಕೊಂಡೆ. ಅರ್ಜಿ ಕೊಡುವ ಗೋಜಿಗೆ ಹೋಗಲಿಲ್ಲ. ದಫ್ತರಖಾನೆಯ ಗುಮಾಸ್ತ ವರ್ಷಗಳಿಂದ ಪರಿಚಯದವನು. ಜೊತೆಗೆ ಚಹ ಕುಡಿದು, ರಿಜಿಸ್ಟರನ್ನು ನನ್ನ ಕಡೆಗೆ ಸರಿಸಿದ. ಬೆರಳು ಓಡಿಸುತ್ತ ಹೋದಾಗ ಒಂದು ಸಾಲು ಸಿಕ್ಕಿತು. ಹುಡುಗನ ಹೆಸರು, ದಂಡ ಸಂಹಿತೆಯ 279ನೆಯ ಕಲಮು, ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ದಂಡ 500 ರೂಪಾಯಿ. ಅಷ್ಟೆ.

ಸಂಜೆ ಆ ಹಿರಿಯರಿಗೆ ಹೇಳಿದೆ: "ಹೌದು, ಕೇಸು ಇದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದಾನೆ."

ಸಂಬಂಧ ಮುರಿಯಿತು.

ಈಗ ಓದುಗರು ಗಮನಿಸಬೇಕು. ನಾನು ಸುಳ್ಳು ಹೇಳಲಿಲ್ಲ. ದಫ್ತರಿನಲ್ಲಿ ಇದ್ದುದನ್ನೇ ಹೇಳಿದೆ. ಆದರೆ 279 ಎಂದರೆ ಸಾರ್ವಜನಿಕ ರಸ್ತೆಯಲ್ಲಿ ಅಜಾಗರೂಕತೆಯಿಂದ ವಾಹನ ನಡೆಸಿದ್ದು. (ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 281.) ಅದಕ್ಕೆ ಆಗ ಹೆಚ್ಚೆಂದರೆ ಆರು ತಿಂಗಳ ಸಜೆ, ಅಥವಾ ಒಂದು ಸಾವಿರ ರೂಪಾಯಿಯ ದಂಡ, ಇಲ್ಲವೆ ಎರಡೂ. ಸಾವು ಆಗಿದ್ದರೆ 304-ಎ ಕಲಮು ಜೊತೆಗೆ ಇರಲೇಬೇಕಿತ್ತು, ಅದು ಇರಲಿಲ್ಲ. ಪೆಟ್ಟಾಗಿದ್ದರೆ ಬೇರೆ ಕಲಮು ಇರುತ್ತಿತ್ತು, ಅದೂ ಇರಲಿಲ್ಲ. ವಕೀಲರ ಕಚೇರಿಯಲ್ಲಿ ಹತ್ತಾರು ವರ್ಷ ಕಳೆದ ನನಗೆ ಇದು ಗೊತ್ತಿರಬೇಕಿತ್ತು. ನಿಜ ಹೇಳಬೇಕೆಂದರೆ, ಗೊತ್ತಿತ್ತು. ಆದರೆ ಅವರು ಕೇಳಿದ್ದು 'ಕೇಸು ಇದೆಯೋ ಇಲ್ಲವೋ' ಎಂದು. ನಾನು ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಕೈತೊಳೆದುಕೊಂಡೆ.

ಹದಿನೈದು ವರ್ಷಗಳ ಮೇಲೆ, 2003ರ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಅದೇ ಮನುಷ್ಯ ನನ್ನ ಪಕ್ಕದಲ್ಲಿ ಕುಳಿತ. ಬೇರೆ ಕಡೆ ಮದುವೆಯಾಗಿ, ಮಕ್ಕಳಿದ್ದು, ಸುಖವಾಗಿಯೇ ಇದ್ದ. ನಾನು ವಕೀಲರ ಕಚೇರಿಯವನೆಂದು ತಿಳಿದಾಗ ಅವನೇ ಮಾತು ತೆಗೆದ.

"ನಿಮ್ಮ ಕೋರ್ಟು ನನಗೂ ಒಮ್ಮೆ ಬುದ್ಧಿ ಕಲಿಸಿದೆ, ಸ್ವಾಮಿ. ಮಳೆಯಲ್ಲಿ ಸ್ಕೂಟರು ಜಾರಿ ಒಂದು ಕೈಗಾಡಿಗೆ ತಾಗಿತು. ಗಾಡಿಯವನಿಗೆ ಏನೂ ಆಗಲಿಲ್ಲ, ಎರಡು ಮೂಟೆ ಕೆಳಗೆ ಬಿದ್ದವು. ಹವಾಲ್ದಾರ ಕೇಸು ಬರೆದ. ಏಳೆಂಟು ತಾರೀಖು ಓಡಾಡಿದೆ. ಪ್ರತಿ ತಾರೀಖಿಗೂ ರಜೆ, ಸಂಬಳ ಕಡಿತ. ಕೊನೆಗೆ ವಕೀಲರು, ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡಪ್ಪ ಎಂದರು. ಮುಗಿಸಿದೆ. ಅದು ಮುಗಿಯಲಿಲ್ಲ. ಒಂದು ಕಡೆ ಮಾತುಕತೆಯಾಗಿತ್ತು. ಯಾರೋ ಕೋರ್ಟಿನಿಂದ ಸುದ್ದಿ ತಂದುಕೊಟ್ಟರಂತೆ. ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ."

ಆ 'ಯಾರೋ' ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎಲೆಯಲ್ಲಿದ್ದ ಪಾಯಸ ಹಾಗೆಯೇ ಉಳಿಯಿತು.

ಇದರ ಪಕ್ಕದಲ್ಲಿ ಇನ್ನೊಂದು ಪ್ರಸಂಗವನ್ನು ಇಡಬೇಕು. ಇಲ್ಲದಿದ್ದರೆ ನ್ಯಾಯಾಲಯದ ದಾಖಲೆಗಳನ್ನೆಲ್ಲ ಬೀಗ ಹಾಕಿಡಬೇಕೆಂದು ನಾನು ವಾದಿಸುತ್ತಿದ್ದೇನೆಂದು ಯಾರಾದರೂ ತಿಳಿದಾರು.

1994ರಲ್ಲಿ ಹೋಟೆಲೊಂದರ ಅಡುಗೆಯವರು ಕೆಲಸ ಮುಗಿಸಿ ರಾತ್ರಿ ನಡೆದು ಮನೆಗೆ ಹೋಗುತ್ತಿದ್ದಾಗ ಟೆಂಪೊ ಬಡಿದು ತೀರಿಕೊಂಡರು. ಹೆಂಡತಿ ಊರಿನಿಂದ ಬಂದು ಎರಡು ವರ್ಷವೂ ಆಗಿರಲಿಲ್ಲ. ಮರಾಠಿ ಬರದು, ಹಿಂದಿಯೂ ಅಷ್ಟಕ್ಕಷ್ಟೆ. "ಅಣ್ಣಾ, ಕಾಗದ ಇದ್ದರೆ ಪರಿಹಾರ ಸಿಗುತ್ತದಂತೆ" ಎಂದು ಬಂದಳು. ಆಕೆಗಾಗಿ ನಾನು ಠಾಣೆಗೆ ಅಲೆದೆ, ಕೋರ್ಟಿಗೆ ಅರ್ಜಿ ಬರೆದೆ. ಎಫ್.ಐ.ಆರ್., ಸ್ಥಳ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ದೋಷಾರೋಪ ಪಟ್ಟಿ — ಒಂದೊಂದರ ನಕಲೂ ಕೈಗೆ ಬರಲು ತಿಂಗಳುಗಳೇ ಹಿಡಿದವು. ಅವನ್ನೆಲ್ಲ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಇಡಲಾಯಿತು.

ಈ ನಡುವೆ ಕ್ರಿಮಿನಲ್ ಕೋರ್ಟಿನಲ್ಲಿ ಆ ಟೆಂಪೊ ಚಾಲಕ ಬಿಡುಗಡೆಯಾದ. ಕಣ್ಣಾರೆ ಕಂಡವರು ಯಾರೂ ಸಾಕ್ಷಿ ಹೇಳಲಿಲ್ಲ. ಸಂಶಯದ ಲಾಭ ಅವನಿಗೆ ಸಿಕ್ಕಿತು. ಆ ಹೆಂಗಸು ಎಲ್ಲ ಮುಗಿಯಿತೆಂದು ಅತ್ತಳು. ಆದರೆ ನ್ಯಾಯಮಂಡಳಿ ಪರಿಹಾರ ಕೊಡಿಸಿತು. ಇದರಲ್ಲಿ ವಿರೋಧವೇನೂ ಇಲ್ಲ. ಸೆರೆಮನೆಗೆ ಕಳಿಸಬೇಕಾದರೆ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಬೇಕು. ಪರಿಹಾರ ಕೊಡಿಸಲು, ಹೀಗಾಗಿರುವುದೇ ಹೆಚ್ಚು ಸಂಭವ ಎಂದು ಮನವರಿಕೆಯಾದರೆ ಸಾಕು. ಎರಡು ನ್ಯಾಯಾಲಯಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟವು, ಅಷ್ಟೆ.

ಈಗ ಈ ಇಬ್ಬರನ್ನೂ ಜೊತೆಗಿಟ್ಟು ನೋಡಿ. ಒಬ್ಬನ ಹೆಸರಿನ ಮುಂದೆ 'ತಪ್ಪೊಪ್ಪಿಕೊಂಡ' ಎಂದಿದೆ; ಅವನಿಂದ ಯಾರಿಗೂ ಗಾಯವಾಗಿರಲಿಲ್ಲ. ಇನ್ನೊಬ್ಬನ ಹೆಸರಿನ ಮುಂದೆ 'ಬಿಡುಗಡೆ' ಎಂದಿದೆ. ಅವನ ಗಾಡಿಯಿಂದ ಒಂದು ಸಂಸಾರ ಬೀದಿಗೆ ಬಿದ್ದಿತ್ತು. ರಿಜಿಸ್ಟರಿನ ಸಾಲನ್ನು ಮಾತ್ರ ಓದುವವನು ಮೊದಲನೆಯವನನ್ನು ದೂರವಿಟ್ಟು ಎರಡನೆಯವನಿಗೆ ಮಣೆ ಹಾಕುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಕಣ್ಣಿಗೆ ಕಂಡದ್ದನ್ನೇ ಪ್ರಮಾಣಿಸಬೇಕಾದರೆ, ಯಾರೋ ಗುಮಾಸ್ತ ಬರೆದ ಸಾಲನ್ನು ಪ್ರಮಾಣಿಸುವುದು ಬೇಡವೇ?

ವಿಶೇಷವೆಂದರೆ, ಕಾನೂನಿಗೂ ಈ ಸಂಗತಿ ಗೊತ್ತಿದೆ. 1988ರ ಮೋಟಾರು ವಾಹನ ಕಾಯಿದೆಯ 208ನೆಯ ಕಲಮಿನ ಪ್ರಕಾರ, ಸಣ್ಣ ಅಪರಾಧಗಳಲ್ಲಿ ಆರೋಪಿ ಕೋರ್ಟಿಗೆ ಬರದೆಯೇ ರಿಜಿಸ್ಟರ್ಡ್ ಅಂಚೆಯಲ್ಲಿ ತಪ್ಪೊಪ್ಪಿಕೊಂಡು, ಸಮನ್ಸಿನಲ್ಲಿ ಹೇಳಿದ ಹಣ ಕಳಿಸಬಹುದು. ಅಲ್ಲಿಗೆ ಪ್ರಕರಣ ಮುಗಿಯುತ್ತದೆ. ಮುಂದುವರಿದು ಅದೇ ಕಲಮು ಹೇಳುತ್ತದೆ: ಹೀಗೆ ತಪ್ಪೊಪ್ಪಿಕೊಂಡನೆಂಬ ಒಂದೇ ಕಾರಣಕ್ಕೆ ಅವನ ಲೈಸೆನ್ಸಿಗೆ ಕುತ್ತು ಬರಬಾರದು. ಅಂಚೆಯಲ್ಲಿ ಬಂದ ಒಪ್ಪಿಗೆ ಅನೇಕ ವೇಳೆ ಸಮಯ ಉಳಿಸುವ ಒಪ್ಪಿಗೆ ಎಂಬುದನ್ನು ಶಾಸನ ಮಾಡಿದವರು ಅರಿತಿದ್ದರೆಂದು ನಾನು ಭಾವಿಸುತ್ತೇನೆ. ಇಂದು ಅಂಚೆಯೂ ಬೇಕಿಲ್ಲ. 2019ರಲ್ಲಿ ದೆಹಲಿಯಲ್ಲಿ ಆರಂಭವಾದ ವರ್ಚುವಲ್ ಕೋರ್ಟುಗಳಂಥ ಏರ್ಪಾಡಿನಲ್ಲಿ ದಂಡ ಕಟ್ಟುತ್ತೇನೆ ಅಥವಾ ವಾದಿಸುತ್ತೇನೆ ಎಂದು ಫೋನಿನಲ್ಲೇ ಆರಿಸಿಕೊಳ್ಳಬಹುದು. ದಿನಗೂಲಿಯ ಮನುಷ್ಯ ಯಾವುದನ್ನು ಆರಿಸಿಕೊಂಡಾನು? ಸರ್ಕಾರವೇ ಆ ಒಪ್ಪಿಗೆಯನ್ನು ಇಷ್ಟು ಹಗುರವಾಗಿ ಎಣಿಸುವಾಗ, ನೆರೆಹೊರೆಯವರಾದ ನಾವು ಅದನ್ನೇ ಹಿಡಿದು ಅವನ ನಡತೆಯನ್ನೆಲ್ಲ ಅಳೆಯುವುದು ಯಾವ ನ್ಯಾಯ?

ಹಾಗಾದರೆ ನ್ಯಾಯಾಲಯದ ಕಾಗದಗಳು ಎಲ್ಲರಿಗೂ ತೆರೆದಿರುವುದೇಕೆ? ಈ ಪ್ರಶ್ನೆ ಒಮ್ಮೆ ನಮ್ಮ ಮುಂಬಯಿಯಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಇಲ್ಲಿಯ ಹೈಕೋರ್ಟಿನಲ್ಲಿ ನಡೆದ ಒಂದು ಮಾನನಷ್ಟದ ದಾವೆಯಲ್ಲಿ, ಸಾಕ್ಷಿಯೊಬ್ಬನ ಹೇಳಿಕೆಯನ್ನು ಪತ್ರಿಕೆಗಳು ಪ್ರಕಟಿಸಬಾರದೆಂದು ನ್ಯಾಯಾಧೀಶರು ಬಾಯಿಮಾತಿನಲ್ಲಿ ಆದೇಶಿಸಿದ್ದರು; ಪತ್ರಕರ್ತರು ಅದನ್ನು ಪ್ರಶ್ನಿಸಿದರು. ನರೇಶ ಶ್ರೀಧರ ಮಿರಾಜ್ಕರ್ ಪ್ರಕರಣವೆಂದು ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1966ರಲ್ಲಿ ತೀರ್ಪು ಕೊಟ್ಟಿತು. ವಿಚಾರಣೆ ಸಾಮಾನ್ಯವಾಗಿ ಬಹಿರಂಗವಾಗಿ ನಡೆಯಬೇಕು, ಜನರ ಕಣ್ಣಿದ್ದರೇ ನ್ಯಾಯ ನೆಟ್ಟಗಿರುತ್ತದೆ ಎಂಬ ತತ್ತ್ವವನ್ನು ಒಪ್ಪಿತು. ಆದರೆ ನ್ಯಾಯದ ಹಿತಕ್ಕೆ ಅಗತ್ಯವಾದಾಗ ಆ ಬಾಗಿಲನ್ನು ಸ್ವಲ್ಪ ಓರೆ ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ ಎಂದಿತು. ಆದೇಶ ಉಳಿಯಿತು.

ಇಲ್ಲಿರುವ ಸೂಕ್ಷ್ಮ ಇದು: ಬಾಗಿಲು ತೆರೆದಿರುವುದು ನಾವು ನ್ಯಾಯಾಧೀಶನನ್ನೂ ಪೊಲೀಸನನ್ನೂ ನೋಡುತ್ತಿರಲಿ ಎಂದು. ಬಡವನಿಗೊಂದು, ಬಲ್ಲಿದನಿಗೊಂದು ತೀರ್ಪಾಗದಿರಲಿ ಎಂದು. ಆ ವಿಧವೆಯಂಥವರಿಗೆ ತಮ್ಮ ಹಕ್ಕಿನ ಕಾಗದ ಸಿಗಲಿ ಎಂದು. ಆ ಬಾಗಿಲಿನಲ್ಲಿ ನಿಂತು ನೆರೆಮನೆಯವನ ಹಳೆಯ ಸೋಲುಗಳನ್ನು ಎಣಿಸಲೂಬಹುದು, ನಿಜ. ಬಾಗಿಲನ್ನು ಇಟ್ಟದ್ದು ಮಾತ್ರ ಅದಕ್ಕಲ್ಲ.

2017ನೆಯ ಇಸವಿ ಈ ವಿಚಾರದಲ್ಲಿ ಕನ್ನಡಿಗರಿಗೆ ಎರಡು ಬಗೆಯಲ್ಲಿ ನೆನಪಿಡತಕ್ಕದ್ದು. ಆ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಬ್ಬ ತಂದೆ, ತನ್ನ ಮಗಳ ಹೆಸರು ಹಳೆಯ ಆದೇಶವೊಂದರಲ್ಲಿದ್ದು ಅಂತರ್ಜಾಲದಲ್ಲಿ ಹುಡುಕಿದವರಿಗೆಲ್ಲ ಸಿಗುತ್ತಿದೆ ಎಂದು ಮೊರೆಯಿಟ್ಟಿದ್ದ. ಸಾರ್ವಜನಿಕ ಹುಡುಕಾಟದಲ್ಲಿ ಆ ಹೆಸರು ಬಾರದಂತೆ ನೋಡಿಕೊಳ್ಳಲು ಯತ್ನಿಸಬೇಕೆಂದೂ, ಪ್ರಮಾಣಿತ ನಕಲಿಗೆ ಅರ್ಜಿ ಹಾಕಿದರೆ ಮಾತ್ರ ಅದರಲ್ಲಿ ಹೆಸರು ಇದ್ದೇ ಇರುತ್ತದೆಂದೂ ನ್ಯಾಯಾಲಯ ಹೇಳಿತು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಅರ್ಜಿಯನ್ನು ಸಲ್ಲಿಸಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಮೊದಲನೆಯ ಆದೇಶದ ವಿವೇಕ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ದಾಖಲೆಯನ್ನು ಸುಡಬೇಕೆಂದಿಲ್ಲ, ತಿದ್ದಬೇಕೆಂದಿಲ್ಲ. ಬೇಕಾದವನು ಅರ್ಜಿ ಬರೆದು, ಸಹಿ ಹಾಕಿ ಪಡೆಯಲಿ. ದಾರಿಹೋಕನ ಕಾಲಿಗೆ ಮಾತ್ರ ತೊಡರದಿರಲಿ ಎಂಬ ಭಾವ ಅದರಲ್ಲಿದೆ. 2020ರ ಮಾರ್ಚಿನಲ್ಲಿ ಗುಜರಾತ್ ಹೈಕೋರ್ಟಿನ ನಿಯಮಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೂ ಇದೇ ದಿಕ್ಕಿನದು. ನ್ಯಾಯಾಂಗದ ಕಡತದ ನಕಲು ಬೇಕಾದ ಹೊರಗಿನವರು ಮಾಹಿತಿ ಹಕ್ಕಿನ ಕಾಯಿದೆಯ ಮೂಲಕವಲ್ಲ, ಹೈಕೋರ್ಟಿನ ನಿಯಮಗಳಂತೆ ಕಾರಣ ತಿಳಿಸಿ ಅರ್ಜಿ ಹಾಕಬೇಕೆಂದು ಅದು ಹೇಳಿತು. ಇದರಿಂದ ಪಾರದರ್ಶಕತೆಗೆ ಧಕ್ಕೆಯೆಂದು ಆಕ್ಷೇಪಿಸುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಕಾರಣ ಬರೆಯುವುದರಿಂದ ಬರೆಯುವವನಿಗೇ ಒಂದು ಉಪಕಾರವಿದೆ.

1988ರಲ್ಲಿ ನಾನು ಚಹದ ಸ್ನೇಹವನ್ನು ನೆಚ್ಚದೆ ಅರ್ಜಿ ಬರೆದಿದ್ದರೆ, 'ಏತಕ್ಕೆ' ಎಂಬಲ್ಲಿ ಏನಾದರೂ ತುಂಬಬೇಕಾಗುತ್ತಿತ್ತು. ಕೈ ಒಂದು ಗಳಿಗೆ ತಡೆಯುತ್ತಿತ್ತು. ಕೋರ್ಟು ಒಪ್ಪಿದ್ದರೆ ಒಂದು ಸಾಲಲ್ಲ, ಪಂಚನಾಮೆಯ ಸಹಿತ ಕಡತವೇ ಕೈಗೆ ಬರುತ್ತಿತ್ತು. ಅದರಲ್ಲಿ ಕೈಗಾಡಿಯೂ ಇರುತ್ತಿತ್ತು, ಮಳೆಯೂ ಇರುತ್ತಿತ್ತು. ಕೋರ್ಟು ಒಪ್ಪದಿದ್ದರೆ ಆ ಹಿರಿಯರು ಹುಡುಗನನ್ನೇ ಕೇಳಬೇಕಾಗುತ್ತಿತ್ತು. ಎರಡರಲ್ಲಿ ಯಾವುದಾದರೂ ಅವನಿಗೆ ನ್ಯಾಯವಾಗುತ್ತಿತ್ತು.

ಇಂದಿನ ಪರಿಸ್ಥಿತಿ ಬೇರೆ. 2015ರಲ್ಲಿ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲ ಬಂದಿತು. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ವರ್ಷ, ಹೆಸರು ಹಾಕಿದರೆ ಪ್ರಕರಣಗಳ ಪಟ್ಟಿ ಬರುತ್ತದೆ. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಒಂದು ಗುರುತಿದೆ. ಆ ವಿಧವೆ ಇಂದು ಬಂದಿದ್ದರೆ ನನ್ನ ಅರ್ಧ ಅಲೆದಾಟ ತಪ್ಪುತ್ತಿತ್ತು. ಇದು ದೊಡ್ಡ ಉಪಕಾರವೇ. ಆದರೆ ಫೋನು 'ಏತಕ್ಕೆ' ಎಂದು ಕೇಳುವುದಿಲ್ಲ. ಕೇಳುವವರು ಯಾರೂ ಇಲ್ಲದಿರುವಾಗ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಜೊತೆಗೆ ಹೆಸರಿನ ಗೊಂದಲವಿದೆ. ನಮಗೆ ಇದು ಚೆನ್ನಾಗಿ ಗೊತ್ತಿರಬೇಕು. ಊರಿನಲ್ಲಿ ಊರ ಹೆಸರು, ತಂದೆಯ ಹೆಸರುಗಳ ಮೊದಲಕ್ಷರ ಇಟ್ಟುಕೊಂಡು ಬಂದವರನ್ನು ಇಲ್ಲಿಯ ಕಚೇರಿಗಳು ತಮ್ಮ ಪದ್ಧತಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡು ಮಾಡಿ ಬರೆದುಕೊಂಡವು. ಒಂದೇ ಮನುಷ್ಯ ರೇಷನ್ ಕಾರ್ಡಿನಲ್ಲಿ ಒಬ್ಬ, ಲೈಸೆನ್ಸಿನಲ್ಲಿ ಇನ್ನೊಬ್ಬ. ಶೆಟ್ಟಿ, ಪೂಜಾರಿ, ರಾವ್, ಪಾಟೀಲ ಎಂಬ ಅಡ್ಡಹೆಸರಿನ ಮುಂದೆ ಸಾಮಾನ್ಯವಾದ ಒಂದು ಹೆಸರಿಟ್ಟು ಹುಡುಕಿದರೆ ಎಷ್ಟು ಜನ ಬರುತ್ತಾರೋ! ಹೀಗಿರಲು, ಹೆಸರು ಕೂಡಿತೆಂದ ಮಾತ್ರಕ್ಕೆ ಮನುಷ್ಯನೂ ಕೂಡಿದನೆಂದು ತಿಳಿಯುವುದು ಸಾಹಸ.

ಆ ದಂಪತಿಗಳಿಗೆ ನಾನು ಹೇಳಿದ್ದು ಮೂರು ಮಾತು. ಮೊದಲು, ಇದು ನಮಗೆ ಸಂಬಂಧಪಟ್ಟ ವಿಷಯವೇ ಎಂದು ನೋಡಿ. ಮಗುವನ್ನು ಕೂರಿಸಿಕೊಂಡು ಗಾಡಿ ಓಡಿಸುವವನ ಚಾಲನೆಯ ಚರಿತ್ರೆ ನಿಮಗೆ ಸಂಬಂಧಪಟ್ಟದ್ದೇ. ಅವನ ಇತರ ಸಂಗತಿಗಳಲ್ಲ. ಎರಡನೆಯದು, ಸಾಲನ್ನು ಓದಿ ನಿಲ್ಲಬೇಡಿ. ಕಲಮು ಯಾವುದು, ತಂದೆಯ ಹೆಸರು ಯಾವುದು, ಆದೇಶದಲ್ಲಿ ಏನಿದೆ, ಎಷ್ಟು ಹಳೆಯದು, ಎಲ್ಲ ನೋಡಿ. ಮೂರನೆಯದು, ಬೇರೆಯವರಿಗೆ ಹೇಳುವ ಮೊದಲು ಅವನಿಗೆ ಹೇಳಿ. ಅವನ ಮಾತು ಕೇಳಿ.

ವಾರದ ಮೇಲೆ ಅವರು ಮತ್ತೆ ಬಂದರು. ಮೂರರಲ್ಲಿ ಎರಡು ಪ್ರಕರಣಗಳ ತಂದೆಯ ಹೆಸರೇ ಬೇರೆ, ಅವು ಅವನವಲ್ಲ. ಮೂರನೆಯದು ಅವನದೇ. ಅದೂ ಸಣ್ಣದಲ್ಲ: 185ನೆಯ ಕಲಮು, ಕುಡಿದು ಗಾಡಿ ನಡೆಸಿದ್ದು. ಕಾಗದ ತೋರಿಸುವ ಮೊದಲೇ ಅವನು ತಾನಾಗಿ ಒಪ್ಪಿಕೊಂಡನಂತೆ. ಆರು ವರ್ಷದ ಹಿಂದಿನ ಮಾತು, ಅಣ್ಣನ ಮದುವೆಯ ರಾತ್ರಿ, ಆಗ ಸ್ಕೂಲ್ ವ್ಯಾನ್ ಓಡಿಸುತ್ತಿರಲಿಲ್ಲ, ಆಮೇಲೆ ಮುಟ್ಟಿಲ್ಲ ಎಂದನಂತೆ.

ನಂಬಬೇಕೋ ಬೇಡವೋ? ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮೀರಿದ ಮದ್ಯವನ್ನು ಕಾನೂನು ಸಹಿಸುವುದಿಲ್ಲ. ತಾಯಿ ಅಷ್ಟನ್ನೂ ಸಹಿಸಳು. ಆ ಐದು ಮನೆಯವರು ಕೂಡಿ ಮಾತಾಡಿದರು. ಇಬ್ಬರು ತಮ್ಮ ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು, ಮೂವರು ಮುಂದುವರಿಸಿದರು. ಬಿಡಿಸಿದವರಲ್ಲಿ ಈ ದಂಪತಿಗಳೂ ಒಬ್ಬರು. ಅದನ್ನು ನಾನು ತಪ್ಪೆನ್ನಲಾರೆ. ಆದರೆ ಆ ಹೆಣ್ಣುಮಗಳು ಅವನನ್ನು ಕರೆದು, ಕಾರಣ ಇದೇ ಎಂದು ಎದುರಿಗೇ ಹೇಳಿದಳಂತೆ, ತನ್ನದಲ್ಲದ ಎರಡು ಪ್ರಕರಣಗಳನ್ನು ಅವನ ತಲೆಗೆ ಕಟ್ಟಲಿಲ್ಲ, ಗುಂಪಿಗೂ ಹಾಕಲಿಲ್ಲ.

"ಅವನಿಗೆ ಬೇಜಾರಾಯಿತು ಅಂಕಲ್. ಆದರೆ, ಮುಖದೆದುರು ಹೇಳಿದಿರಲ್ಲ, ಅಷ್ಟು ಸಾಕು ಎಂದ" ಎಂದಳು.

ಮೂವತ್ತೇಳು ವರ್ಷಗಳಿಂದ ನಾನು ಹೊತ್ತುಕೊಂಡಿರುವುದು ಆ ಒಂದು ಕೆಲಸವನ್ನು ಮಾಡದ ಭಾರವನ್ನೇ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಆ ಮಹನೀಯರು ಈ ಪತ್ರಿಕೆಯನ್ನು ಓದುವವರೆಂದು ಬಲ್ಲೆ. ಕೋರ್ಟಿನಿಂದ ಸುದ್ದಿ ತಂದುಕೊಟ್ಟವನು ನಾನು. ಅಂದು ಹೇಳಬೇಕಾಗಿತ್ತು, ಇಂದು ಹೇಳಿದ್ದೇನೆ.